ಬಾವಿಕಟ್ಟೆ, ಮೆಟ್ಟುಕತ್ತಿ ಮತ್ತು ಬಾಣಂತಿಯ ಹೆದರಿಕೆ

ಮನಸ್ಸಿನ ಆರೋಗ್ಯದ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಬಾಣಂತಿಯರದ್ದೇ. ಅದರಲ್ಲೂ ಒಂದು ಪ್ರಶ್ನೆ ವರ್ಷಗಳಿಂದ ಬೇರೆ ಬೇರೆ ಕೈಬರಹದಲ್ಲಿ ಬರುತ್ತಲೇ ಇದೆ. ಹಾಗಾಗಿ ಹೆಚ್ಚಿನ ಜಾಗ ಅದಕ್ಕೇ.

ಪ್ರಶ್ನೆ: ಹೆರಿಗೆಯಾಗಿ ಏಳು ವಾರ. ಕಾಸರಗೋಡಿನ ಬದಿಯಡ್ಕದ ಹತ್ತಿರ ತವರಿನಲ್ಲಿದ್ದೇನೆ. ಮಗುವನ್ನು ಎತ್ತಿಕೊಂಡು ಬಾವಿಕಟ್ಟೆ ದಾಟುವಾಗ ‘ಎಸೆದುಬಿಟ್ಟರೆ?’ ಎಂದು ತಲೆಗೆ ಬರುತ್ತದೆ. ಈಗ ಹಿತ್ತಲಿಗೇ ಹೋಗುವುದಿಲ್ಲ. ಮೆಟ್ಟುಕತ್ತಿಯನ್ನು ಅಟ್ಟಕ್ಕೆ ಹಾಕಿಸಿದ್ದೇನೆ. ಅಮ್ಮ ನೂಲು ಜಪಿಸಿ ತಂದು ಕಟ್ಟಿದ್ದಾರೆ. ನಾನು ಮಗುವನ್ನು ಕೊಂದೇಬಿಡುತ್ತೇನಾ?

ಉತ್ತರ: ಆ ಮೆಟ್ಟುಕತ್ತಿಯ ಸಾಲನ್ನು ಎರಡು ಸಲ ಓದಿದೆ. ನಿಮ್ಮ ಯೋಚನೆಗೆ ನೀವೇ ಬೆಚ್ಚಿಬಿದ್ದಿದ್ದೀರಿ, ಮಗುವನ್ನು ಕಾಯಲು ಕತ್ತಿಯನ್ನೇ ಅಟ್ಟಕ್ಕೇರಿಸಿದ್ದೀರಿ. ಇದು ಗೀಳಿನ ದಾರಿ, ಬೇಡವೆಂದರೂ ಅದೇ ಯೋಚನೆ ಮತ್ತೆ ಮತ್ತೆ ಬಂದು ಕಾಡುವ ಕಾಯಿಲೆ (ಒಸಿಡಿ). ಇಂಥ ಬೇಡದ ಯೋಚನೆ ಸುಮಾರು ಅರ್ಧದಷ್ಟು ಹೊಸ ತಾಯಂದಿರಿಗೆ ಒಮ್ಮೆಯಾದರೂ ಬರುವುದು ಅಧ್ಯಯನಗಳಲ್ಲಿ ಕಂಡಿದೆ. ಹೆಚ್ಚಿನವರಿಗೆ ಬಂದ ಹಾಗೆ ಹೋಗುತ್ತದೆ, ನಿಮ್ಮಲ್ಲಿ ಬೇರು ಬಿಟ್ಟಿರುವ ಹಾಗಿದೆ. ಆದರೂ ಬರೀ ಕಾಗದ ನೋಡಿ ರೋಗದ ಹೆಸರು ಹೇಳುವ ಧೈರ್ಯ ನನಗಿಲ್ಲ. ಒಮ್ಮೆ ಎದುರು ಕೂತು ಮಾತಾಡಲೇಬೇಕು.

ಗೀಳಿಗೆ ಇಆರ್‌ಪಿ ಎಂಬ ಚಿಕಿತ್ಸೆ ಇದೆ. ಹೆದರಿಕೆಗೆ ಸ್ವಲ್ಪ ಸ್ವಲ್ಪವೇ ಎದುರಾಗುವುದು, ತಪ್ಪಿಸಿಕೊಳ್ಳುವ ಅಭ್ಯಾಸ ಬಿಡುವುದು. ಮೊದಲು ಮೆಟ್ಟುಕತ್ತಿ ಅಡಿಗೆಮನೆಗೆ ಇಳಿಯುತ್ತದೆ. ಆಮೇಲೆ ಬಾವಿ ಕಾಣುವ ಜಗಲಿಯಲ್ಲಿ ಮಗುವನ್ನು ಮಡಿಲಲ್ಲಿಟ್ಟು ಕೂರುವುದು. ಎದೆ ಢವಢವ ಹೊಡೆದುಕೊಳ್ಳುತ್ತದೆ. ಏಳಬಾರದು. ಕೂತೇ ಇದ್ದರೆ ಆ ಹೆದರಿಕೆ ತಾನಾಗಿ ಇಳಿಯುತ್ತದೆ, ದಿನ ಕಳೆದಂತೆ ಬೇಗ ಇಳಿಯುತ್ತದೆ. ಇದು ಚಿಕಿತ್ಸಕರ ಜೊತೆ ಮಾಡುವ ಕೆಲಸ. ಇದನ್ನು ಓದಿ ನಾಳೆಯೇ ಬಾವಿಕಟ್ಟೆಗೆ ಹೊರಡಬೇಡಿ.

ಕಷ್ಟದ ಪಾಠ ಅಮ್ಮನದ್ದು. ‘ನಾನು ಹಾಗೆ ಮಾಡ್ಲಿಕ್ಕಿಲ್ಲ ಅಲ್ವಾ ಅಮ್ಮ?’ ಎಂದು ನೀವು ದಿನಕ್ಕೆ ಇಪ್ಪತ್ತು ಸಲ ಕೇಳುತ್ತಿರಬೇಕು. ‘ಇಲ್ಲ ಮಗಳೇ’ ಎಂದು ಅವರೂ ಇಪ್ಪತ್ತು ಸಲ ಹೇಳುತ್ತಿರಬೇಕು. ಹತ್ತು ನಿಮಿಷ ನೆಮ್ಮದಿ, ಮತ್ತೆ ಶುರು. ಗೀಳು ಬದುಕುವುದೇ ಈ ಉತ್ತರ ತಿಂದು. ಆ ಉತ್ತರವನ್ನು ಮೆಲ್ಲ ಮೆಲ್ಲ ಕಮ್ಮಿ ಮಾಡುವುದು ಹೇಗೆಂದು ಅಮ್ಮನನ್ನೂ ಕೂರಿಸಿ ಕಲಿಸುತ್ತೇವೆ. ನೂಲು ಮಾಡುವುದೂ ಅದೇ ಕೆಲಸ, ದುಡ್ಡು ಬೇರೆ. ಮಂತ್ರವಾದಿಯ ಹತ್ತಿರ ಹೊಗೆ ಹಾಕಿಸಿಕೊಂಡು ಮೂರು ವಾರ ಕಳೆದ ಮೇಲೆ ನನ್ನ ಹತ್ತಿರ ಬಂದ ಬಾಣಂತಿಯರಿದ್ದಾರೆ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಒಂದು ಮಾತು ಮನೆಯವರಿಗೆ. ಎರಡು ಮೂರು ದಿನ ನಿದ್ದೆಯಿಲ್ಲದಿದ್ದರೂ ದಣಿವಿಲ್ಲ, ಯಾರೋ ಕಿವಿಯಲ್ಲಿ ಅಪ್ಪಣೆ ಕೊಡುತ್ತಿದ್ದಾರೆ, ಮಗು ತನ್ನದಲ್ಲ ಎಂಬ ಗಟ್ಟಿ ನಂಬಿಕೆ: ಹಳಬರು ಬಾಣಂತಿ ಸನ್ನಿ ಎನ್ನುತ್ತಿದ್ದುದು ಇಂಥದ್ದಕ್ಕೆ, ಮೇಲೆ ಹೇಳಿದ ಗೀಳಿಗಲ್ಲ. ಸಾವಿರ ಹೆರಿಗೆಗೆ ಒಂದೋ ಎರಡೋ, ಹೆಚ್ಚಾಗಿ ಮೊದಲ ಎರಡು ವಾರದೊಳಗೆ. ಆಗ ತಾಯಿ, ಮಗು ಇಬ್ಬರನ್ನೂ ಒಂಟಿ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸಾಯಬೇಕು ಎಂದರೂ ಅಷ್ಟೇ, ಬೆಳಗಾಗಲಿ ಎಂದು ಕಾಯಬೇಡಿ.

ಪ್ರಶ್ನೆ: ಇಲ್ಲಿ ಕೌನ್ಸೆಲಿಂಗ್ ಮಲಯಾಳದಲ್ಲಿ. ನಡೆಯುತ್ತದಾ?

ಉತ್ತರ: ಅಂಗಡಿಗೆ ಸಾಕಾಗುವ ಮಲಯಾಳ ಅಳುವುದಕ್ಕೆ ಸಾಲದು. ಕನ್ನಡವೋ ತುಳುವೋ ಬರುವವರು ಬೇಕೆಂದು ಬಾಯಿಬಿಟ್ಟು ಕೇಳಿ. ಟೆಲಿ ಮಾನಸ್ 14416ರಲ್ಲಿ ಕನ್ನಡ ಇದೆ, ಹಗಲು ರಾತ್ರಿ, ಉಚಿತ.

ಪ್ರಶ್ನೆ: ಮನಸ್ಸಿನ ಮಾತ್ರೆ ತೆಗೆದುಕೊಂಡರೆ ಹಾಲು ಬಿಡಿಸಬೇಕಾ?

ಉತ್ತರ: ಎಲ್ಲ ಮಾತ್ರೆಗೂ ಇಲ್ಲ. ಸರ್ಟ್ರಾಲಿನ್ ಹಾಲಿಗೆ ಸೇರುವುದು ತೀರಾ ಕಮ್ಮಿ. ಮನೋವೈದ್ಯರನ್ನು ಕೇಳಿ, ನೆರೆಮನೆಯವರನ್ನಲ್ಲ.

ಪ್ರಶ್ನೆ: ಹೆರಿಗೆಯಾದ ಮೂರನೇ ದಿನದಿಂದ ಸುಮ್ನೆ ಅಳು ಬರುತ್ತದೆ.

ಉತ್ತರ: ನಿದ್ದೆ ಮಾಡಿ. ಎರಡು ವಾರ ದಾಟಿದರೂ ನಿಲ್ಲದಿದ್ದರೆ, ಜಾಸ್ತಿಯಾದರೆ ಬನ್ನಿ.

ಪ್ರಶ್ನೆ: ಹೆಂಡತಿಗೆ ಮೂರು ತಿಂಗಳಿಂದ ಯಾವುದರಲ್ಲೂ ಆಸಕ್ತಿಯಿಲ್ಲ. ಖಿನ್ನತೆಯಾ, ಸೋಮಾರಿತನವಾ?

ಉತ್ತರ: ಈ ವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಥೈರಾಯ್ಡ್, ಹಿಮೋಗ್ಲೋಬಿನ್ ಕೂಡ ನೋಡಿಸಿ. ಸೋಮಾರಿತನದ ವಿಷಯ, ರಾತ್ರಿ ಎರಡು ಗಂಟೆಗೆ ಅಳುವ ಮಗುವನ್ನು ಒಂದು ವಾರ ನೀವೇ ಎತ್ತಿಕೊಂಡ ಮೇಲೆ ಬರೆಯಿರಿ.