ಕ್ಲಬ್ಬಿನ ಶೋನಲ್ಲಿ ಮಕ್ಕಳಿಗೆ ಮೊದಲ ಡ್ರೆಸೇಜ್: ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಪ್ರಶ್ನೆ ಇಷ್ಟು: ಕ್ಲಬ್ಬಿನಲ್ಲಿ 8ರಿಂದ 14 ವರ್ಷದ ಮಕ್ಕಳಿದ್ದಾರೆ, ಸಣ್ಣಪುಟ್ಟ ಜಿಗಿತ, ಕುದುರೆ ಮೇಲಿನ ಆಟಗಳು ಗೊತ್ತು. ಮುಂದಿನ ಶೋನಲ್ಲಿ ಡ್ರೆಸೇಜ್ (ಗೊತ್ತುಮಾಡಿದ ಚಲನೆಗಳನ್ನು ಕುದುರೆಯಿಂದ ಕ್ರಮವಾಗಿ ಮಾಡಿಸುವ ಸ್ಪರ್ಧೆ) ಸೇರಿಸಬೇಕು, ಮಕ್ಕಳು ಮಾತ್ರ ‘ಸುಮ್ಮನೆ ಸುತ್ತು ಹೊಡೆಯೋದು, ಬೋರು’ ಅನ್ನುತ್ತಿದ್ದಾರೆ.

ನಾನಾದರೆ ಕುದುರೆಯಿಂದಲ್ಲ, ಅಂಕಪಟ್ಟಿಯಿಂದ ಶುರು ಮಾಡುತ್ತೇನೆ. ಜಿಗಿತದಲ್ಲಿ ಕೋಲು ಬಿತ್ತೋ ಇಲ್ಲವೋ, ಅಷ್ಟೇ. ಡ್ರೆಸೇಜಿನಲ್ಲಿ ಪ್ರತಿ ಚಲನೆಗೂ 0ಯಿಂದ 10ರವರೆಗೆ ಅಂಕ, ಪಕ್ಕದಲ್ಲಿ ಜಡ್ಜ್ ಬರೆಸಿದ ಒಂದು ಸಾಲು. ಆ ಹಾಳೆ ಮಗುವಿನ ಕೈಗೆ ಬರುತ್ತದೆ. ಅದನ್ನು ಓದಲು ಬಂದರೆ ಬೋರು ಅನ್ನುವ ಮಾತು ತಾನಾಗಿ ನಿಲ್ಲುತ್ತದೆ. ಆದ್ದರಿಂದ ಮೊದಲ ತರಗತಿಯಲ್ಲಿ ಎಲ್ಲರಿಗೂ ಖಾಲಿ ಹಾಳೆ ಕೊಡಿ, ಒಬ್ಬರು ಸವಾರಿ ಮಾಡಲಿ, ಉಳಿದವರು ಅಂಕ ಹಾಕಲಿ. 10 ಅಂದರೆ ಅತ್ಯುತ್ತಮ, 6 ತೃಪ್ತಿಕರ, 5 ಸಾಧಾರಣ, 4 ಸಾಲದು, 0 ಅಂದರೆ ಮಾಡಲೇ ಇಲ್ಲ. ಶಾಲೆಯ ಲೆಕ್ಕದಲ್ಲಿ ಬೆಳೆದ ಮಕ್ಕಳಿಗೆ (ಅವರಿಗಿಂತ ಹೆಚ್ಚಾಗಿ ಅಪ್ಪ-ಅಮ್ಮಂದಿರಿಗೆ) ಇದನ್ನು ಮೊದಲೇ ಹೇಳಿಡಬೇಕು. 160ಕ್ಕೆ 96 ಬಂದು ಶೇ 60 ಆದರೆ ಇಲ್ಲಿ ಅದು ಒಳ್ಳೆಯ ಆರಂಭ; ಕಳಪೆ ಫಲಿತಾಂಶವಲ್ಲ.

ಟೆಸ್ಟ್ ಅಂದರೆ ಸವಾರರು ಮಾಡಿತೋರಿಸಬೇಕಾದ ಚಲನೆಗಳ ಪಟ್ಟಿ. ಆರಿಸಬೇಕಾದದ್ದು ನಡಿಗೆ ಮತ್ತು ಟ್ರಾಟ್ (ಎರಡು ಬಡಿತದ ಕುದುರೆ ಓಟ) ಮಾತ್ರ ಇರುವ ಟೆಸ್ಟ್. ಕ್ಯಾಂಟರ್ (ಅದಕ್ಕಿಂತ ಚುರುಕಾದ, ಮೂರು ಬಡಿತದ ಓಟ) ಬೇಡ. ಟ್ರಾಟಿನಲ್ಲೇ ವೃತ್ತ ಉರುಟಾಗದ ಮಗು ಕ್ಯಾಂಟರಿನಲ್ಲಿ ಬರೀ ಸಮತೋಲನ ಹುಡುಕುತ್ತಿರುತ್ತದೆ, ಕಲಿಯುವುದೇನೂ ಇರುವುದಿಲ್ಲ.

ಅಂಕಣ 20 ಮೀಟರ್ ಅಗಲ, 40 ಮೀಟರ್ ಉದ್ದ. ನಾಲ್ಕು ಗೂಟ ಹೊಡೆದ ಮೇಲೆ ಎರಡೂ ಕರ್ಣ ಅಳೆಯಿರಿ. 44.72 ಮೀಟರ್ ಬಂದರೆ ಮೂಲೆಮಟ್ಟ ಸರಿ. ಕಣ್ಣಂದಾಜಿನಲ್ಲಿ ಹಾಕಿದ ಅಂಕಣ ಓರೆಯಾಗಿರುತ್ತದೆ, ಆಮೇಲೆ ವೃತ್ತ ಕೆಟ್ಟರೆ ಬೈಗುಳ ಮಗುವಿಗೆ. ಗಿಡ್ಡ ಬದಿಯೊಂದರ ನಡುವೆ ಪ್ರವೇಶ, ಅದು ಎ. ಎದುರಿನ ಗಿಡ್ಡ ಬದಿಯ ನಡುವೆ ಸಿ, ಅದರ ಹಿಂದೆ ಸುಮಾರು 5 ಮೀಟರ್ ದೂರದಲ್ಲಿ ಜಡ್ಜ್. ಎಯಿಂದ ಪ್ರದಕ್ಷಿಣೆಯಾಗಿ ಹೋದರೆ ಕೆ, ಇ, ಎಚ್, ಸಿ, ಎಂ, ಬಿ, ಎಫ್. ಉದ್ದ ಬದಿಯ ಅಕ್ಷರಗಳು ಮೂಲೆಯಿಂದ 6 ಮೀಟರಿಗೆ ಒಂದು, ಅಲ್ಲಿಂದ 14 ಮೀಟರಿಗೆ ನಡುವಿನದು, ಮತ್ತೆ 14, ಕೊನೆಗೆ 6. ಅಂಕಣದ ನಟ್ಟನಡುವೆ ಎಕ್ಸ್, ಅಲ್ಲಿ ಫಲಕ ಇರುವುದಿಲ್ಲ. ಕುದುರೆ ಇಲ್ಲದೆಯೇ ಮಕ್ಕಳನ್ನು ಈ ದಾರಿಯಲ್ಲಿ ಓಡಿಸಿ; ಅಕ್ಷರಗಳ ಕ್ರಮ ಎರಡೇ ದಿನದಲ್ಲಿ ಬಾಯಿಪಾಠವಾಗುತ್ತದೆ.

ಹೆಚ್ಚು ಅಂಕ ಸೋರಿಹೋಗುವುದು 20 ಮೀಟರ್ ವೃತ್ತದಲ್ಲಿ. ಎ ಹತ್ತಿರ ವೃತ್ತ ಮಾಡಿ ಅಂದರೆ ಮಕ್ಕಳು ಮೂಲೆಗೆ ನುಗ್ಗುತ್ತಾರೆ, ಅಥವಾ ಎಫ್ ಮತ್ತು ಕೆ ಮುಟ್ಟಿ ತಿರುಗುತ್ತಾರೆ. ಎರಡೂ ತಪ್ಪು. ವೃತ್ತ ಮುಟ್ಟಬೇಕಾದದ್ದು ನಾಲ್ಕು ಬಿಂದು: ಎ, ಎಕ್ಸ್, ಮತ್ತು ಎರಡೂ ಉದ್ದ ಬದಿಯಲ್ಲಿ ಮೂಲೆಯಿಂದ 10 ಮೀಟರಿಗಿರುವ ಜಾಗ. ಅಂದರೆ ಕೆ ಮತ್ತು ಎಫ್ ದಾಟಿ ನಡುವಿನ ಕಡೆಗೆ ಇನ್ನೂ 4 ಮೀಟರ್. ನಾಲ್ಕೂ ಕಡೆ ಒಂದೂವರೆ ಮೀಟರ್ ಅಂತರದಲ್ಲಿ ಎರಡೆರಡು ಕೋನ್ ಇಟ್ಟು ಬಾಗಿಲು ಮಾಡಿ. ಪ್ರತಿ ಬಾಗಿಲಲ್ಲಿ ಕುದುರೆ ಒಂದೇ ಹೆಜ್ಜೆಯಷ್ಟು ಕಾಲ ಇರಬೇಕು, ಆಗಲೇ ಮಗುವಿನ ಕಣ್ಣು ಮುಂದಿನ ಬಾಗಿಲಿಗೆ ಹೋಗಿರಬೇಕು. ಎಕ್ಸ್ ಕಡೆ ಗೋಡೆಯಿಲ್ಲದ್ದರಿಂದ ಕುದುರೆ ಹೊರಭುಜದಿಂದ (ವೃತ್ತದ ಹೊರಬದಿಯ ಭುಜ) ಜಾರಿ ವೃತ್ತ ಮೊಟ್ಟೆಯಾಗುತ್ತದೆ. ಆಗ ಒಳಲಗಾಮು ಎಳೆದರೆ ಕತ್ತು ಬಾಗುತ್ತದೆ, ಭುಜ ಇನ್ನಷ್ಟು ಹೊರಗೆ ಹೋಗುತ್ತದೆ. ತಡೆಯಬೇಕಾದದ್ದು ಹೊರಲಗಾಮು ಮತ್ತು ಹೊರಗಾಲು.

ಟ್ರಾಟಿನಲ್ಲಿ ಎದ್ದು ಕೂರುವಾಗ ಕುದುರೆಯ ಹೊರಭುಜ ಮುಂದೆ ಹೋದಾಗ ಏಳಬೇಕು. ದಿಕ್ಕು ಬದಲಾದಾಗ ಒಂದು ಬಡಿತ ಹೆಚ್ಚು ಕೂತು ಸರಿಮಾಡಿಕೊಳ್ಳಬೇಕು. ಮೊದಮೊದಲು ಭುಜ ನೋಡಲು ಬಿಡಿ, ತಲೆ ಬಗ್ಗಿಸದೆ, ಕಣ್ಣಷ್ಟೇ ಇಳಿಸಿ.

ಎಯಿಂದ ನಡುಗೆರೆಯಲ್ಲಿ ಬರುವಾಗ ಕುದುರೆ ಹಾವಿನಂತೆ ಓಲಾಡಿದರೆ ಕಾರಣ ಸಾಮಾನ್ಯವಾಗಿ ನಿಧಾನ. ಸೈಕಲ್ ಥರ, ವೇಗ ಇದ್ದರೆ ನೇರ. ಸ್ವಲ್ಪ ಚುರುಕಾಗಿ ಬರಲಿ, ಕಣ್ಣು ಸಿ ಮೇಲಿರಲಿ. ಈ ಹಂತದ ಟೆಸ್ಟ್‌ಗಳಲ್ಲಿ ನಡಿಗೆಗೆ ಇಳಿದು ನಿಲ್ಲಿಸಲು ಅವಕಾಶ ಇರುತ್ತದೆ. ಮೂರ್ನಾಲ್ಕು ಹೆಜ್ಜೆ ನಡೆಸಿ ನಿಲ್ಲಿಸಿ, ಮನಸ್ಸಿನಲ್ಲೇ ಮೂರು ಎಣಿಸಿ, ಲಗಾಮು ಒಂದು ಕೈಗೆ ತೆಗೆದುಕೊಂಡು ಇನ್ನೊಂದು ಕೈ ಕೆಳಗೆ ಬಿಟ್ಟು ತಲೆಬಾಗಿಸಿ ವಂದನೆ. ಅವಸರ ಬೇಡ.

ಲಗಾಮು ಉದ್ದ ಬಿಟ್ಟು ನಡೆಸುವ ‘ಫ್ರೀ ವಾಕ್’ ಅನ್ನು ಬಹಳ ಮಂದಿ ವಿಶ್ರಾಂತಿ ಅಂದುಕೊಳ್ಳುತ್ತಾರೆ. ಹಲವು ಟೆಸ್ಟ್‌ಗಳಲ್ಲಿ ಅದಕ್ಕೆ ಎರಡು ಪಟ್ಟು ಅಂಕ! ಕುದುರೆ ಕತ್ತು ಮುಂದಕ್ಕೂ ಕೆಳಕ್ಕೂ ಚಾಚಿ ಉದ್ದುದ್ದ ಹೆಜ್ಜೆ ಹಾಕಬೇಕು. ಲಗಾಮನ್ನು ಬೆರಳುಗಳ ನಡುವೆ ನಿಧಾನಕ್ಕೆ ಜಾರಲು ಬಿಡಿ, ಒಮ್ಮೆಲೇ ಎಸೆಯಬೇಡಿ. ಮತ್ತೆ ಎತ್ತಿಕೊಳ್ಳುವಾಗ ಗಬಕ್ಕನೆ ಎಳೆದರೆ ಕುದುರೆ ಕುಪ್ಪಳಿಸಿ ಟ್ರಾಟಿಗೆ ಬೀಳುತ್ತದೆ. ಸ್ವಲ್ಪ ಸ್ವಲ್ಪವಾಗಿ, ಮೂರ್ನಾಲ್ಕು ಸಲಕ್ಕೆ ಮೊಟಕು ಮಾಡಬೇಕು.

ಇಡೀ ಟೆಸ್ಟನ್ನು ಅದೇ ಕುದುರೆ ಮೇಲೆ ದಿನಾ ಅಭ್ಯಾಸ ಮಾಡಿಸುವುದು ಎಲ್ಲರೂ ಮಾಡುವ ತಪ್ಪು. ಕುದುರೆಗೆ ಮಕ್ಕಳಿಗಿಂತ ಬೇಗ ಬಾಯಿಪಾಠವಾಗುತ್ತದೆ, ಎಕ್ಸ್ ಬರುವ ಮುಂಚೆಯೇ ತಾನಾಗಿ ನಿಂತುಬಿಡುತ್ತದೆ. ತುಣುಕುಗಳನ್ನು ಹಿಂದುಮುಂದು ಮಾಡಿ ಕಲಿಸಿ; ಪೂರ್ತಿ ಟೆಸ್ಟ್ ಶೋಗೆ ಮುಂಚೆ ಎರಡು ಮೂರು ಸಲ ಸಾಕು.

ಶೋ ದಿನದ ಲೆಕ್ಕ: ಒಂದು ಟೆಸ್ಟ್ ನಾಲ್ಕೈದು ನಿಮಿಷ, ಜಡ್ಜ್ ಹಾಳೆ ಮುಗಿಸುವ ಹೊತ್ತೂ ಸೇರಿ ಒಬ್ಬರಿಗೆ 8 ನಿಮಿಷ, ಅಂದರೆ ಗಂಟೆಗೆ ಏಳು ಮಕ್ಕಳು. ಅದಕ್ಕಿಂತ ಹೆಚ್ಚು ತುರುಕಿದರೆ ಕಡಿತ ಬೀಳುವುದು ಟಿಪ್ಪಣಿಗಳಿಗೆ, ಅಂದರೆ ಮಕ್ಕಳಿಗೆ ಸಿಗಬೇಕಾದ ಪಾಠಕ್ಕೇ. ವಾರ್ಮ್‌ಅಪ್‌ಗೆ 20ರಿಂದ 30 ನಿಮಿಷ. ಎದುರುಬದುರಾದರೆ ಎಡಭುಜಕ್ಕೆ ಎಡಭುಜ ಬರುವಂತೆ ದಾಟಬೇಕು. ಗಂಟೆ ಬಾರಿಸಿದ ಮೇಲೆ ಒಳಬರಲು ಸಾಮಾನ್ಯವಾಗಿ 45 ಸೆಕೆಂಡ್ ಇರುತ್ತದೆ, ಗಾಬರಿಯಿಂದ ಓಡಿಸಬೇಕಿಲ್ಲ. ಟೆಸ್ಟ್ ಓದಿಹೇಳುವವರನ್ನು ಇಟ್ಟುಕೊಳ್ಳಬಹುದು, ಆದರೆ ಅವರು ಬರೆದದ್ದನ್ನಷ್ಟೇ ಓದಬೇಕು. ‘ಹಿಮ್ಮಡಿ ಕೆಳಗೆ!’ ಅಂದರೆ ಅದು ಹೊರಗಿನ ಸಹಾಯ. ಸವಾರರೂ ಕುದುರೆಗೆ ಬಾಯಿಮಾತಿನ ಸೂಚನೆ ಕೊಡುವಂತಿಲ್ಲ. ನಾಲಿಗೆ ಚಟಕಾಯಿಸುವ ಚಟವನ್ನು ತಿಂಗಳು ಮೊದಲೇ ಬಿಡಿಸಿ.

ಸಲಕರಣೆಗೆ ಖರ್ಚು ಬೇಡ. ಪ್ರಮಾಣೀಕೃತ ಹೆಲ್ಮೆಟ್, ಹಿಮ್ಮಡಿ ಇರುವ ಬೂಟು, ಸಾದಾ ಸ್ನಾಫಲ್ (ಸನ್ನೆಕೋಲಿನ ಒತ್ತಡವಿಲ್ಲದ) ಕಡಿವಾಣ, ಇರುವ ತಡಿ. ಜಿಗಿತದಿಂದ ಬಂದವರು ಮರೆಯುವುದು ಎರಡು: ಮಾರ್ಟಿಂಗೇಲ್ (ಕುದುರೆ ತಲೆ ತೀರಾ ಮೇಲೆತ್ತದಂತೆ ತಡೆಯುವ ಪಟ್ಟಿ) ಬಿಚ್ಚುವುದು, ಕುದುರೆ ಕಾಲಿನ ಪಟ್ಟಿ ತೆಗೆಯುವುದು. ಉಳಿದದ್ದನ್ನು ನಿಮ್ಮ ಶೋ ಅನುಸರಿಸುವ ನಿಯಮಪುಸ್ತಕದಲ್ಲಿ ನೋಡಿಕೊಳ್ಳಿ.

ಸಾಧ್ಯವಾದರೆ ಜಡ್ಜ್ ಹತ್ತಿರ ಮೊದಲೇ ಮಾತಾಡಿ, ಪ್ರತಿ ಮಗುವಿಗೂ ಟೆಸ್ಟ್ ಆದ ಮೇಲೆ ಹತ್ತು ನಿಮಿಷ ತಿದ್ದಿಸಿ, ಅದೇ ಟೆಸ್ಟನ್ನು ಇನ್ನೊಮ್ಮೆ ಮಾಡಿಸಿ. ಹೀಗೆ ಮಾಡಿದರೆ ಗಂಟೆಗೆ ಮೂರೇ ಮಕ್ಕಳು, ಹಾಗಾಗಿ ಬೇರೆ ದಿನ ಇಟ್ಟುಕೊಳ್ಳಿ. ಮತ್ತೆ, ದೊಡ್ಡ ಮಕ್ಕಳಲ್ಲಿ ಒಬ್ಬರನ್ನು ಜಡ್ಜ್ ಪಕ್ಕ ಬರೆಯಲು ಕೂರಿಸಿ. ‘ವೃತ್ತ ಚಿಕ್ಕದು, 5’ ಎಂದು ಹತ್ತು ಸಲ ಬರೆದ ಹುಡುಗಿಗೆ ಆ 4 ಮೀಟರ್ ಎಲ್ಲಿದೆ ಎಂದು ಮತ್ತೆ ಹೇಳಬೇಕಾಗುವುದಿಲ್ಲ.