ಮನೆ ಕಾರಿಗೆ ಟ್ರೈಲರ್ ಕಟ್ಟಬಹುದಾ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಸೆಡಾನ್ ಕಾರಿಗೆ ಚಿಕ್ಕ ಟ್ರೈಲರ್ ಕಟ್ಟಿ ಆರು ಮೂಟೆ ಕಾಫಿಯನ್ನು ಚಿಕ್ಕಮಗಳೂರಿಗೆ ಒಯ್ಯಬಹುದೇ?

ಉತ್ತರ: ಮೊದಲು ಕಾರಿನ ಮ್ಯಾನುಯಲ್ ನೋಡಿ. ಎಳೆಯಬಾರದು ಎಂದಿದ್ದರೆ ಅಲ್ಲಿಗೇ ಬಿಡಿ, ಪಿಕಪ್ ಬಾಡಿಗೆಗೆ ಹಿಡಿಯಿರಿ. ಎಳೆಯಬಹುದು ಎಂದಿದ್ದರೆ ಎಷ್ಟು ಭಾರ ಅಂತಲೂ ನೋಡಿ. 50 ಕೆಜಿಯ ಆರು ಮೂಟೆ ಅಂದರೆ 300 ಕೆಜಿ, ಟ್ರೈಲರ್‌ನ ಸ್ವಂತ ತೂಕ ಬೇರೆ ಇದೆಯಲ್ವಾ? ಟ್ರೈಲರ್‌ಗೂ ಆರ್‌ಟಿಒ ನೋಂದಣಿ ಬೇಕು.

ಮೂಟೆ ಜೋಡಿಸುವುದರಲ್ಲೇ ಅರ್ಧ ಸುರಕ್ಷತೆ ಇದೆ. ಶೇ 60ರಷ್ಟು ಭಾರ ಟ್ರೈಲರ್‌ನ ಆಕ್ಸಲ್‌ಗಿಂತ (ಚಕ್ರಗಳನ್ನು ಜೋಡಿಸುವ ಅಚ್ಚು) ಮುಂದಿರಲಿ, ಮೂಟೆಗಳು ಜರುಗದಂತೆ ಹಗ್ಗ ಬಿಗಿಯಿರಿ. ಹಿಂದೆ ಭಾರ ಜಾಸ್ತಿಯಾದರೆ ಟ್ರೈಲರ್ ಹಾವಿನ ಹಾಗೆ ಓಲಾಡುತ್ತದೆ, ಆಗ ಗಾಬರಿಯಲ್ಲಿ ಬ್ರೇಕ್ ತುಳಿಯಬೇಡಿ, ಸ್ಟಿಯರಿಂಗ್ ಎಳೆದಾಡಬೇಡಿ, ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ವೇಗ ಇಳಿದ ಹಾಗೆ ಅದೇ ಸರಿಹೋಗುತ್ತದೆ.

ನಿಮ್ಮ ಕಡೆ ಇಳಿಜಾರು, ತಿರುವು ಎರಡೂ ಇವೆ. ಇಳಿಯುವ ಮೊದಲೇ ಗೇರ್ ಇಳಿಸಿ, ಯಾಕೆಂದರೆ ಹಿಂದಿನ ಭಾರ ಕಾರನ್ನು ತಳ್ಳುತ್ತದೆ, ಬರೀ ಬ್ರೇಕ್ ನಂಬಿದರೆ ಅದು ಕಾದು ಹಿಡಿಯುವುದೇ ಇಲ್ಲ. ಬ್ರೇಕಿಲ್ಲದ ಟ್ರೈಲರ್ ಕಟ್ಟಿಕೊಂಡು ಚಾರ್ಮಾಡಿ ಘಾಟಿ ಕಡೆಗಂತೂ ದಯವಿಟ್ಟು ಹೋಗಬೇಡಿ. ಕೊಂಡಿಯ ಜೊತೆ ಸರಪಳಿ ಹಾಕಿ, ಹಿಂದಿನ ಲೈಟ್ ಉರಿಯುತ್ತದಾ ಅಂತ ಪ್ರತಿ ಸಲ ಹೊರಡುವ ಮುಂಚೆ ನೋಡಿ, ಮಂಜಿನಲ್ಲಿ ಹಿಂದೆ ಬರುವ ಬಸ್ಸಿಗೆ ಕಾಣುವುದು ಅದೊಂದೇ.