ಅತ್ತೆಯವರ ಕೈಗೆ ಕೆಲಸ ಕೊಡಿ

ಪ್ರಶ್ನೆ: ಅತ್ತೆಯವರಿಗೆ 72 ವರ್ಷ. ಮೂರು ತಲೆಮಾರು ಒಂದೇ ಮನೆಯಲ್ಲಿದ್ದೇವೆ. ನಾಲ್ಕು ತಿಂಗಳ ಹಿಂದೆ ಅವರು ಬಚ್ಚಲಲ್ಲಿ ಜಾರಿ ಬಿದ್ದರು. ಎಲುಬಿಗೆ ಏನೂ ಆಗಲಿಲ್ಲ. ಅಂದಿನಿಂದ ಒಂದು ಕಡ್ಡಿ ಎತ್ತಿಡಲೂ ಬಿಟ್ಟಿಲ್ಲ. ಆದರೂ ಸೊರಗುತ್ತಿದ್ದಾರೆ, ರೊಟ್ಟಿ ಸೇರುವುದಿಲ್ಲ ಅನ್ನುತ್ತಾರೆ. ನರ್ಸ್ ಏನು ನೆರವು ಕೊಡಬಲ್ಲರು?
– ಸೊಸೆ, ಗದಗ

ಉತ್ತರ: ಕೆಲಸ ಬಿಡಿಸಿದ್ದೇ ಅವರನ್ನು ಸೊರಗಿಸುತ್ತಿರಬಹುದು. ಈ ವಯಸ್ಸಿನಲ್ಲಿ ಕೆಲವೇ ದಿನ ಮಂಚ ಹಿಡಿದರೂ ತೊಡೆಯ ಸ್ನಾಯು ಕರಗುತ್ತದೆ, ಹಸಿವು ಇಳಿಯುತ್ತದೆ. ಕಾಲಿನ ಬಲ ಹೋದವರು ಮತ್ತೆ ಬೀಳುತ್ತಾರೆ. ತೂಕ ಇಳಿದಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ರಕ್ತಹೀನತೆ, ಸಕ್ಕರೆ, ಥೈರಾಯ್ಡ್, ಮನಸ್ಸಿನ ಕುಗ್ಗು ಎಲ್ಲವನ್ನೂ ನೋಡಬೇಕು.

ನಿಮ್ಮ ಆರೋಗ್ಯ ಕೇಂದ್ರದ ಸಿಸ್ಟರ್ ಅವರಿಂದ ಎರಡು ಪರೀಕ್ಷೆ ಮಾಡಿಸಿ. ಐದು ನಿಮಿಷ ಮಲಗಿಸಿ ಬಿಪಿ ನೋಡಲಿ. ಎದ್ದು ನಿಂತ 1ನೇ ನಿಮಿಷಕ್ಕೆ, 3ನೇ ನಿಮಿಷಕ್ಕೆ ಮತ್ತೆ ನೋಡಲಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ, ಎದ್ದಾಗ ತಲೆ ತಿರುಗಿ ಬೀಳುವ ಸಂಭವವಿದೆ. ಅವರು ನುಂಗುವ ಮಾತ್ರೆಯಿಂದಲೂ ಹೀಗಾಗಬಹುದು. ಅದನ್ನು ಬದಲಿಸುವುದು ವೈದ್ಯರ ಕೆಲಸ, ನೀವಾಗಿ ನಿಲ್ಲಿಸಬೇಡಿ. ಎರಡನೆಯದು ಕುರ್ಚಿಯ ಪರೀಕ್ಷೆ. ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ತಾಗಿಸಿಟ್ಟು, ಅವರು ಕೈ ಎದೆಗೆ ಕಟ್ಟಿಕೊಂಡು ಎದ್ದು ಕೂಡಬೇಕು. 70ರಿಂದ 74ರ ಹೆಂಗಸರು 30 ಸೆಕೆಂಡಿನಲ್ಲಿ 10 ಸಲ ಏಳದಿದ್ದರೆ ಬೀಳುವ ಅಪಾಯ ಹೆಚ್ಚು. ಆಮೇಲೆ ಇದನ್ನೇ ದಿನಕ್ಕೆರಡು ಬಾರಿ, ಐದೈದು ಸಲ ಮಾಡಿಸಿ. ಮೊದಮೊದಲು ಕೈ ಊರಿ ಎದ್ದರೂ ಸರಿ, ಪಕ್ಕದಲ್ಲಿ ಒಬ್ಬರು ನಿಂತಿರಲಿ.

ಬಚ್ಚಲಲ್ಲಿ ಗೋಡೆಗೆ ಸ್ಕ್ರೂ ಹಾಕಿ ಬಿಗಿದ ಸ್ಟೀಲ್ ಹಿಡಿಕೆ ಇರಲಿ. ಟವೆಲ್ ರಾಡು ಮೈಭಾರ ತಡೆಯುವುದಿಲ್ಲ.

ರೊಟ್ಟಿ ಸೇರದಿದ್ದರೆ ಬಾಯಿ ನೋಡಿ: ಹಲ್ಲು ಅಲುಗುತ್ತಿರಬಹುದು, ವಸಡು ಹುಣ್ಣಾಗಿರಬಹುದು. ಬಿಸಿ ರೊಟ್ಟಿ ಮುರಿದು ಬ್ಯಾಳಿ ಸಾರಿನಲ್ಲಿ ನೆನೆಸಿಕೊಡಿ, ಇಲ್ಲವೇ ಜೋಳದ ನುಚ್ಚು ಮಾಡಿ. 50 ಕಿಲೋ ತೂಕದವರಿಗೆ ದಿನಕ್ಕೆ 50ರಿಂದ 60 ಗ್ರಾಂ ಪ್ರೊಟೀನ್ ಬೇಕು. ಜೋಳವೊಂದರಿಂದ ಅಷ್ಟು ಬರುವುದಿಲ್ಲ. ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು ಊಟ ಊಟಕ್ಕೂ ಇರಲಿ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳಿ.

ಇನ್ನು ಕೆಲಸ. ಮೆಂತ್ಯ ಸೊಪ್ಪು ಬಿಡಿಸುವುದು ಕೈಗೆ, ಮೊಮ್ಮಗನ ಜೊತೆ ಓಣಿಯ ಗುಡಿಗೆ ಹೋಗಿಬರುವುದು ಕಾಲಿಗೆ. ಉಪ್ಪಿನಕಾಯಿಗೆ ಉಪ್ಪೆಷ್ಟು, ಹಬ್ಬಕ್ಕೆ ಯಾರನ್ನು ಕರೆಯಬೇಕು ಎಂಬುದನ್ನು ಅವರನ್ನೇ ಕೇಳಿ, ಅವರು ಹೇಳಿದಂತೆ ಮಾಡಿ. ಮನೆ ತುಂಬ ಜನರಿದ್ದೂ ತನ್ನನ್ನು ಕೇಳುವವರಿಲ್ಲ ಎನಿಸಿದರೆ ಊಟ ರುಚಿಸುವುದಿಲ್ಲ.

ಪ್ರಶ್ನೆ: ಅಪ್ಪನಿಗೆ ಮನೆಯಲ್ಲಿ ಮೂವರು ಮಾತ್ರೆ ಕೊಡುತ್ತೇವೆ. ಒಮ್ಮೊಮ್ಮೆ ಎರಡು ಸಲ ಆಗಿಬಿಡುತ್ತದೆ.
– ಓದುಗ, ಹಾವೇರಿ

ಉತ್ತರ: ಕೊಡುವ ಹೊಣೆ ಒಬ್ಬರಿಗೇ ಇರಲಿ. ಕೊಟ್ಟ ಕೂಡಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದನ್ನು ಓದು ಬಲ್ಲ ಮೊಮ್ಮಗಳಿಗೆ ಒಪ್ಪಿಸಿ. ಮನೆಯಲ್ಲಿರುವ ಅಷ್ಟೂ ಮಾತ್ರೆ ಪಟ್ಟಿಗಳನ್ನು ಚೀಲದಲ್ಲಿ ಹಾಕಿ ಸಿಸ್ಟರ್‌ಗೆ ತೋರಿಸಿ. ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ ಒಂದೇ ಬಿಪಿ ಮಾತ್ರೆ ಅಮ್ಲೋಡಿಪಿನ್ ಎರಡೆರಡು ಬಾರಿ ಹೊಟ್ಟೆಗೆ ಹೋಗುತ್ತಿದ್ದರೆ ಆಗ ಸಿಕ್ಕಿಬೀಳುತ್ತದೆ.